ಮೈಲಿಗಲ್ಲು ಮತ್ತು ಹೊಸ್ತಿಲು

ಓದು ಶುರುವಾದ ಮೊದಲ ವಾರವೇ ನಮಗೆ ಎರಡು ಶಬ್ದಗಳ ಅಂತರ ಬರೆಸಿದರು. ಬೆಳವಣಿಗೆ ಎಂದರೆ ಎತ್ತರ, ತೂಕ, ತಲೆಯ ಸುತ್ತಳತೆ. ಟೇಪು ಹಿಡಿದರೆ ಸಿಗುವಂಥದು. ವಿಕಾಸ ಎಂದರೆ ಮಗು ಏನು ಮಾಡಬಲ್ಲದು, ಹೇಗೆ ಯೋಚಿಸುತ್ತದೆ, ಯಾರನ್ನು ನೆಚ್ಚುತ್ತದೆ ಎಂಬುದರಲ್ಲಿ ಆಗುವ ಮಾರ್ಪಾಡು. ಟೇಪಿಗೆ ಸಿಗದಂಥದು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರುವ ಪ್ರಶ್ನೆ ಅದು, ಬಂದೂ ಬಂತು. ಅಂಕವೂ ಬಿತ್ತು. ಆದರೆ ಆ ಅಂತರ ನನಗೆ ನಿಜವಾಗಿ ತಿಳಿದದ್ದು ಧಾರವಾಡ ಸೀಮೆಯ ಒಂದು ಹಳ್ಳಿಯಲ್ಲಿ, ಎರಡು ಮಕ್ಕಳು ನನ್ನೆದುರು ಸುಮ್ಮನೆ ಕುಳಿತಾಗ.

ಆನ್ವಯಿಕ ವಿಕಾಸ ಮನೋವಿಜ್ಞಾನ. ಹೆಸರು ಉದ್ದ, ಬಾಯಿ ತುಂಬುತ್ತದೆ. ಮದುವೆ ಮನೆಯಲ್ಲಿ ಯಾರಾದರೂ 'ಏನು ಓದ್ತಾ ಇದ್ದೀಯಮ್ಮ' ಎಂದರೆ 'ಮಕ್ಕಳ ಬಗ್ಗೆ' ಎಂದು ಮುಗಿಸುತ್ತಿದ್ದೆ. 'ಮಕ್ಕಳನ್ನ ಬೆಳೆಸೋದಕ್ಕೂ ಎಂ.ಎಸ್ಸಿ. ಬೇಕೇನು' ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗೆಯೊಳಗೆ ಒಂದು ಒಳ್ಳೆಯ ಪ್ರಶ್ನೆ ಇತ್ತೆಂದು ಆಗ ಗೊತ್ತಾಗಲಿಲ್ಲ.

ವಿಕಾಸ ಎಂಬ ಮಾತಿಗೆ ಅರಳುವುದು ಎಂಬ ಅರ್ಥವಿದೆ. ಹೂವಿಗೆ ಹೇಳುವ ಮಾತು. ತರಗತಿಯಲ್ಲಿ ಅದು 'ಡೆವಲಪ್‌ಮೆಂಟ್' ಎಂಬುದರ ಕನ್ನಡ; ಹೊರಬಂದರೆ ಅದೇ ಇಂಗ್ಲಿಷ್ ಪದ ಸರಕಾರಿ ಬೋರ್ಡಿನ ಮೇಲೆ ಅಭಿವೃದ್ಧಿ ಆಗಿರುತ್ತದೆ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಶುರುವಾದದ್ದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ. ಇವತ್ತು ಅಂಗನವಾಡಿ ಇಲ್ಲದ ಊರು ಹುಡುಕಬೇಕು. ರಸ್ತೆಯೂ ಅಭಿವೃದ್ಧಿ ಆಗುತ್ತದೆ, ಕೆರೆಯೂ ಆಗುತ್ತದೆ, ಶಿಶುವೂ ಆಗುತ್ತದೆ. ಒಂದು ಪದ ಅರಳುವುದನ್ನು ಕಾಯುತ್ತದೆ, ಇನ್ನೊಂದು ಗುರಿ ಮುಟ್ಟಿತೇ ಎಂದು ಲೆಕ್ಕ ಕೇಳುತ್ತದೆ. ಈ ಓದು ಓದುವವರು ಈ ಎರಡರ ನಡುವೆಯೇ ಓಡಾಡಬೇಕು.

ಗುರಿ ಮುಟ್ಟಿತೇ ಎಂದು ನೋಡಲು ನಮ್ಮ ಕೈಯಲ್ಲಿ ಇದ್ದದ್ದು ಮೈಲಿಗಲ್ಲುಗಳ ಪಟ್ಟಿ. ಕತ್ತು ನಿಲ್ಲುವುದು, ಬೋರಲು ಬೀಳುವುದು, ಕೂರುವುದು, ನಿಲ್ಲುವುದು, ನಡೆಯುವುದು, ಎರಡು ಮಾತು ಕೂಡಿಸುವುದು. ಪ್ರತಿಯೊಂದರ ಮುಂದೆ ತಿಂಗಳು. ಮೈಲಿಗಲ್ಲು ಎಂಬ ಹೋಲಿಕೆಯನ್ನು ನಾವು ಯೋಚಿಸದೆ ಒಪ್ಪಿಕೊಂಡಿದ್ದೆವು. ಮೈಲಿಗಲ್ಲು ಇರುವುದು ಹೆದ್ದಾರಿಯ ಪಕ್ಕದಲ್ಲಿ. ನಡೆಯುವವರು ಬರುವ ಮುಂಚೆಯೇ ಅದನ್ನು ನೆಟ್ಟಾಗಿರುತ್ತದೆ. ನಡೆಯುವವರು ಯಾರೆಂದು ಅದಕ್ಕೆ ಬೇಕಿಲ್ಲ.

ನಮ್ಮ ಮನೆಗಳಲ್ಲಿ ಮಗುವಿನ ನಡಿಗೆಗೆ ಬೇರೆ ಒಂದು ಗುರುತಿದೆ. ಮಗು ಅಂಬೆಗಾಲಿಡುತ್ತ ಹೊಸ್ತಿಲು ದಾಟಿದ ದಿನ. ಆವತ್ತು ಸಿಹಿ ಮಾಡುತ್ತಾರೆ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುತ್ತಾರೆ, ನೆರೆಮನೆಗೆ ಹಂಚುತ್ತಾರೆ. ಎಷ್ಟನೇ ತಿಂಗಳು ಎಂದು ಯಾರೂ ಬರೆದಿಡುವುದಿಲ್ಲ. ದಾಟಿತು ಅಷ್ಟೆ. ಹೊಸ್ತಿಲು ಹೆದ್ದಾರಿಯಲ್ಲಿ ಇರುವುದಿಲ್ಲ, ಒಂದು ಮನೆಗೆ ಸೇರಿರುತ್ತದೆ. ಅದರ ಆಚೆ ಯಾರೋ ಕೈ ಚಾಚಿಕೊಂಡು ಕುಳಿತಿರುತ್ತಾರೆ.

ವಿಜ್ಞಾನವೂ ಈ ಮೈಲಿಗಲ್ಲನ್ನು ಮೃದು ಮಾಡುತ್ತ ಬಂದಿದೆ ಎನ್ನಬೇಕು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅರ್ನಾಲ್ಡ್ ಗೆಸೆಲ್ ಗುಮ್ಮಟದಂಥ ಕೋಣೆ ಕಟ್ಟಿಸಿ, ಒಳಗಿನ ಮಗುವಿಗೆ ಕಾಣದಂಥ ಪರದೆಯ ಹಿಂದೆ ನಿಂತು, ಯಾವ ವಾರ ಯಾವ ಚಲನೆ ಎಂದು ಚಿತ್ರೀಕರಿಸಿದ. ಆಗಿನ ಪಟ್ಟಿಗಳಲ್ಲಿ ಸರಾಸರಿಯೇ ನಿಯಮ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕದ 816 ಮಕ್ಕಳಿದ್ದರು. ಆಸರೆಯಿಲ್ಲದೆ ನಡೆಯುವ ಕಾಲ ಅಲ್ಲಿ 8.2 ತಿಂಗಳಿಂದ 17.6 ತಿಂಗಳವರೆಗೆ ಚಾಚಿತ್ತು. ನೂರರಲ್ಲಿ ನಾಲ್ಕು ಮಕ್ಕಳು ಕೈ ಮೊಣಕಾಲೂರಿ ಅಂಬೆಗಾಲಿಡುವುದನ್ನೇ ಬಿಟ್ಟು ನೇರ ನಡಿಗೆಗೆ ಹೋಗಿದ್ದರು. ಕಲ್ಲು ಅಂದುಕೊಂಡದ್ದು ಒಂಬತ್ತು ತಿಂಗಳಷ್ಟು ಅಗಲದ ಕಿಟಕಿ ಎಂದು ಗೊತ್ತಾಯಿತು. ಇದನ್ನು ಓದಿದ ದಿನ ನನ್ನ ಅಜ್ಜಿ ನೆನಪಾದಳು. 'ಅದರದರ ಕಾಲಕ್ಕೆ ಅದು' ಎನ್ನುತ್ತಿದ್ದಳು. ಅಜ್ಜಿಯ ಮಾತಿಗೆ 816 ಮಕ್ಕಳ ಸಾಕ್ಷಿ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದೆ. ಅರ್ಧ ಸರಿ ಇದ್ದೆ.

ಮೂರನೆಯ ಸೆಮಿಸ್ಟರಿನಲ್ಲಿ ಕ್ಷೇತ್ರಕಾರ್ಯ. ಒಂದು ಚೀಲದಲ್ಲಿ ಮರದ ತುಂಡುಗಳು, ಚಿತ್ರದ ಪುಸ್ತಕ, ಸಣ್ಣ ಗಂಟೆ, ಫಾರಂಗಳ ಕಟ್ಟು. ಅಂಗನವಾಡಿಯಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳ ಎದುರು ಕುಳಿತು ಕೋಳಿಯ ಚಿತ್ರ ತೋರಿಸಿ 'ಇದು ಏನು?' ಎಂದೆ. ಅವಳು ಲಂಗದ ಅಂಚು ಸುತ್ತುತ್ತ ಕೂತಳು. ಹಸು ತೋರಿಸಿದೆ, ಮರ ತೋರಿಸಿದೆ. ಮಾತಿಲ್ಲ. 'ಇಲ್ಲ' ಎಂಬ ಕಾಲಮ್ಮಿನಲ್ಲಿ ಟಿಕ್ ಹಾಕಿದೆ. ಅದೇ ದಿನ ಎರಡೂವರೆ ವರ್ಷದ ಹುಡುಗನನ್ನು ನೋಡಿದೆ. ನಗುಮುಖದ ಮಗು. ತುಂಡುಗಳನ್ನು ಒಂದರ ಮೇಲೊಂದು ಚೆಂದವಾಗಿ ಪೇರಿಸಿದ. ಮಾತಿಲ್ಲ. ಅಲ್ಲಿಯೂ ಅದೇ ಟಿಕ್.

ಮಧ್ಯಾಹ್ನ ಹುಡುಗಿಯ ಮನೆಗೆ ಹೋದೆ. ತಾಯಿ ಹೊಲಕ್ಕೆ ಹೋಗಿದ್ದಳು, ಆಯಿ ಇದ್ದಳು. ನಾನು ಬಾಗಿಲಲ್ಲೇ ನಿಂತು ಫಾರಂ ತೆರೆದೆ. 'ಹೊಸ್ತಲದಾಗ ನಿಂತು ಏನ್ ಕೇಳ್ತಿ ತಂಗಿ? ಒಳಗ ಬಾ, ಕುಂಡ್ರು. ಚಾ ಕುಡಿ, ಆಮ್ಯಾಲ ಕೇಳು' ಅಂದಳು. ಒಳಗೆ ಶೇಂಗಾ ಸುಲಿಯುವ ಕೆಲಸ ನಡೆದಿತ್ತು. ಬೆಳಗ್ಗೆ ಬಾಯಿ ಬಿಡದ ಹುಡುಗಿ ಮೂರು ಗುಂಪು ಮಾಡಿ ಕೂತಿದ್ದಳು. ನಾನು ಒಂದು ಕಾಳು ತಪ್ಪು ಗುಂಪಿಗೆ ಹಾಕಿದ ಕೂಡಲೇ ಕೈ ಹಿಡಿದು ತಡೆದಳು. 'ಅದಲ್ರೀ. ಇದು ಬೀಜಕ್ಕ, ಇದು ಹಿಂಡಿಗೆ, ಇದು ಕೋಳಿಗೆ.' ಗಟ್ಟಿ ಕಾಳು, ಒಡೆದ ಕಾಳು, ಹುಳುಕು ಕಾಳು. ಜೀನ್ ಪಿಯಾಜೆ ಮಕ್ಕಳಿಗೆ ಮಣಿಗಳನ್ನು ಕೊಟ್ಟು ವರ್ಗೀಕರಣದ ಶಕ್ತಿ ನೋಡಿದ್ದ ಪಾಠವನ್ನು ಹಿಂದಿನ ವಾರವಷ್ಟೇ ಓದಿದ್ದೆ. ಇವಳು ಅದನ್ನು ಮನೆಗೆಲಸವಾಗಿ ಮಾಡುತ್ತಿದ್ದಳು. 'ಬೆಳಗ್ಗೆ ಕೋಳಿ ತೋರಿಸಿದಾಗ ಯಾಕೆ ಹೇಳಲಿಲ್ಲ ಪುಟ್ಟಿ?' ಎಂದು ಕೇಳಿದೆ. ಆಯಿಯ ಬೆನ್ನಿಗೆ ಒರಗಿ ಹೇಳಿದಳು: 'ಅಕ್ಕೋರಿಗೆ ಕೋಳಿ ಗೊತ್ತಿಲ್ಲೇನು?'

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಉತ್ತರ ಗೊತ್ತಿರುವ ದೊಡ್ಡವರು ಅದೇ ಉತ್ತರಕ್ಕಾಗಿ ಚಿಕ್ಕವರನ್ನು ಕೇಳುವುದು ಶಾಲೆಯ ರೂಢಿ, ಎಲ್ಲ ಮನೆಗಳ ರೂಢಿಯಲ್ಲ. ಆ ಮನೆಯಲ್ಲಿ ಪ್ರಶ್ನೆ ಕೇಳುವುದು ಗೊತ್ತಿಲ್ಲದಾಗ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಬುದ್ಧಿಶಕ್ತಿಯ ಪರೀಕ್ಷೆ ಹೊರತಂದದ್ದು ಶಾಲೆಯಲ್ಲಿ ಹಿಂದುಳಿದ ಮಕ್ಕಳಿಗೆ ನೆರವು ಸಿಗಲಿ ಎಂದು. ಅದರ ಅಮೆರಿಕನ್ ಪರಿಷ್ಕರಣೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದವರು ವಿ. ವಿ. ಕಾಮತ್. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ನಮ್ಮ ಚಿಕಿತ್ಸಾಲಯಗಳಲ್ಲಿ ಇನ್ನೂ ಬಳಕೆಯಲ್ಲಿದೆ. ಪ್ರಶ್ನೆಯ ಮಾತುಗಳನ್ನು ಕನ್ನಡಕ್ಕೆ ತರಲು ಶ್ರಮ ಬೇಕು, ಆದರೆ ತರಬಹುದು. ಪ್ರಶ್ನೆ ಕೇಳುವ ಅಪರಿಚಿತಳನ್ನು ಕನ್ನಡಕ್ಕೆ ತರುವುದು ಹೇಗೆ? ಅದಕ್ಕೆ ಒಳಗೆ ಹೋಗಿ ಚಾ ಕುಡಿಯಬೇಕು.

ಈ ಶಾಸ್ತ್ರದ ಹೆಸರಾಂತ ಪ್ರಯೋಗಗಳನ್ನು ನೆನೆದರೆ ಎರಡರಲ್ಲಿ ಒಂದು ಬಾಗಿಲು ಕಾಣುತ್ತದೆ. ಮೇರಿ ಏನ್ಸ್‌ವರ್ತ್ ರೂಪಿಸಿದ 'ಅಪರಿಚಿತ ಸನ್ನಿವೇಶ' ಪ್ರಯೋಗದಲ್ಲಿ ತಾಯಿ ಮಗುವನ್ನು ಬಿಟ್ಟು ಬಾಗಿಲಾಚೆ ಹೋಗುತ್ತಾಳೆ, ತಿರುಗಿ ಬರುತ್ತಾಳೆ. ಎಂಟು ಹಂತ, ಇಪ್ಪತ್ತು ನಿಮಿಷದ ಆಸುಪಾಸು. ಮುಖ್ಯವಾಗಿ ನೋಡುವುದು ತಾಯಿ ಹೋದಾಗಿನ ಅಳುವನ್ನಲ್ಲ, ಬಂದಾಗ ಮಗು ಅವಳನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದನ್ನು. ಆ ಇಪ್ಪತ್ತು ನಿಮಿಷವನ್ನು ಜಗತ್ತೆಲ್ಲ ನಕಲು ಮಾಡಿತು. ಅದರ ಹಿಂದಿದ್ದ ದುಡಿಮೆಯನ್ನು ನಕಲು ಮಾಡಿದವರು ಕಡಿಮೆ. ಏನ್ಸ್‌ವರ್ತ್ 1954-55ರಲ್ಲಿ ಉಗಾಂಡದ ಹಳ್ಳಿಮನೆಗಳಲ್ಲಿ ತಾಯಿ ಮಕ್ಕಳ ಜೊತೆ ಕುಳಿತು ಈ ಕೆಲಸ ಶುರು ಮಾಡಿದಳು. ಆಮೇಲೆ ಬಾಲ್ಟಿಮೋರ್‌ನಲ್ಲಿ 26 ಕುಟುಂಬಗಳು. ಮಗುವಿನ ಮೊದಲ ವರ್ಷದಲ್ಲಿ ಒಂದೊಂದು ಮನೆಗೂ 18 ಭೇಟಿ, ಪ್ರತಿ ಭೇಟಿಗೆ ಸುಮಾರು ನಾಲ್ಕು ತಾಸು. ಇಪ್ಪತ್ತು ನಿಮಿಷದ ಬೆನ್ನಿಗೆ ಎಪ್ಪತ್ತೆರಡು ತಾಸು ಇತ್ತು. ಮುಂದೆ ಜಪಾನಿನಲ್ಲಿ ಇದೇ ಪ್ರಯೋಗ ಮಾಡಿದಾಗ ಸಮಾಧಾನವಾಗದೆ ಅಳುವ ಮಕ್ಕಳು ಹೆಚ್ಚು ಕಂಡರು. ಆ ಮಕ್ಕಳನ್ನು ಒಂಟಿಯಾಗಿ ಬಿಡುವ ವಾಡಿಕೆಯೇ ಅಲ್ಲಿ ಅಪರೂಪವಾಗಿತ್ತು, ಬಾಗಿಲಾಚೆ ಹೋಗುವ ತಾಯಿ ಅವರಿಗೆ ಬೇರೆಯೇ ಅರ್ಥ ಕೊಟ್ಟಿದ್ದಳು.

ಇನ್ನೊಂದು ಬಾಗಿಲು ಸ್ಟ್ಯಾನ್‌ಫರ್ಡಿನದು. ವಾಲ್ಟರ್ ಮಿಷೆಲ್‌ನ ಮಾರ್ಷ್‌ಮೆಲೋ ಪ್ರಯೋಗ. ಮಿಠಾಯಿಯನ್ನು ಮುಂದಿಟ್ಟು, 'ನಾನು ಬರುವತನಕ ತಿನ್ನದಿದ್ದರೆ ಇನ್ನೊಂದು ಕೊಡುತ್ತೇನೆ' ಎಂದು ದೊಡ್ಡವರು ಎದ್ದುಹೋಗುತ್ತಾರೆ. ಕಾದ ಮಕ್ಕಳು ಮುಂದೆ ಚೆನ್ನಾಗಿ ಓದಿದರು ಎಂಬ ಸುದ್ದಿ ಪೋಷಕರಿಗೆ ಉಪದೇಶ ಹೇಳುವವರಿಗೆಲ್ಲ ಬಂಡವಾಳವಾಯಿತು. 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಒಂದು ಸಣ್ಣ ತಿರುವು ಕೊಟ್ಟರು. 28 ಮಕ್ಕಳು. ಅರ್ಧ ಮಕ್ಕಳಿಗೆ ಮೊದಲೇ 'ಒಳ್ಳೆಯ ಬಣ್ಣದ ಕಡ್ಡಿ ತರುತ್ತೇನೆ' ಎಂದು ಹೇಳಿ ಬರಿಗೈಲಿ ಬಂದರು, ಉಳಿದವರಿಗೆ ಹೇಳಿದಂತೆ ತಂದುಕೊಟ್ಟರು. ಆಮೇಲೆ ಮಿಠಾಯಿ. ಮಾತು ಉಳಿಸಿಕೊಂಡವರಿಗಾಗಿ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು, ಮಾತು ತಪ್ಪಿದವರಿಗಾಗಿ ಮೂರು ನಿಮಿಷ. 2018ರಲ್ಲಿ ಹೆಚ್ಚು ಮಕ್ಕಳ ಮೇಲೆ ನಡೆದ ಮರುಪರಿಶೀಲನೆಯಲ್ಲಿ ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದಾಗ, ಕಾಯುವ ಶಕ್ತಿಗೂ ಮುಂದಿನ ಓದಿಗೂ ಇದ್ದ ನಂಟು ಬಹಳ ತೆಳುವಾಯಿತು. ಮಗುವಿನ ಸಂಯಮ ಎಂದು ಅಳೆದದ್ದರಲ್ಲಿ ದೊಡ್ಡವರ ಮೇಲಿನ ನಂಬಿಕೆ ಸೇರಿಕೊಂಡಿತ್ತು. ಬರುತ್ತೇನೆಂದು ಬಾರದವರನ್ನೇ ಕಂಡ ಮಗು ಕೈಯಲ್ಲಿದ್ದದ್ದನ್ನು ತಿಂದರೆ ಅದು ಅವಸರವೋ, ವಿವೇಕವೋ?

ಇಷ್ಟು ಓದಿ, ಶೇಂಗಾ ಹುಡುಗಿಯಿಂದ ಪಾಠ ಕಲಿತು, ನಾನು ಪಟ್ಟಿಗಳನ್ನೇ ಅನುಮಾನಿಸುವ ಹಂತಕ್ಕೆ ಬಂದಿದ್ದೆ. ಮನೆಗೆ ಗೊತ್ತಿರುತ್ತದೆ, ಫಾರಂಗೆ ಗೊತ್ತಿರುವುದಿಲ್ಲ. ಹೀಗೊಂದು ತತ್ತ್ವವೇ ಕೈಗೆ ಸಿಕ್ಕಂತಾಗಿತ್ತು. ಆ ತತ್ತ್ವ ಹಿಡಿದುಕೊಂಡು ನಗುಮುಖದ ಹುಡುಗನ ಮನೆಗೆ ಹೋದೆ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಕೂತೆ, ಚಾ ಕುಡಿದೆ, ಮಾತಾಡಿದೆ. 'ಇವರಪ್ಪನೂ ತಡಾನ ಮಾತಾಡಿದ್ದ' ಎಂದಳು ಅವನ ಆಯಿ. 'ಕಿವಿ ಕೇಳ್ತೈತಿ, ನೋಡಿಲ್ಲಿ' ಎಂದು ಕಾಲಿಂದ ನೆಲ ಗುದ್ದಿದಳು. ಆಟದಲ್ಲಿದ್ದ ಹುಡುಗ ತಿರುಗಿ ನೋಡಿದ. ನಾನು ಅವನ ಹಿಂದೆ ಕೂತು ಗಂಟೆ ಬಾರಿಸಿದೆ. ತಿರುಗಿ ನಕ್ಕ. ಶ್ರವಣ ಸರಿಯಿದೆ ಎಂದು ಬರೆದೆ. ಮಾತಿನ ಮುಂದೆ 'ಕಾಯಬಹುದು' ಎಂದು ಬರೆದೆ. ಮನೆಯ ಮಾತನ್ನು ಗೌರವಿಸಿದೆ ಎಂಬ ಸಮಾಧಾನದಿಂದ ಬಸ್ಸು ಹತ್ತಿದೆ.

ವಾರಗಳ ನಂತರ ಆ ಫಾರಂ ತಿರುವುತ್ತಿದ್ದ ನಮ್ಮ ಮೇಡಂ ಒಂದೇ ಪ್ರಶ್ನೆ ಕೇಳಿದರು. 'ಗಂಟೆ ಬಾರಿಸುವಾಗ ಬೆಳಕು ಯಾವ ಕಡೆಯಿಂದ ಬರ್ತಿತ್ತು?'

ಬಾಗಿಲ ಕಡೆಯಿಂದ. ಬಾಗಿಲು ನನ್ನ ಬೆನ್ನಿಗಿತ್ತು. ನಾನು ಕೈ ಎತ್ತಿದಾಗ ನೆರಳು ಅವನ ಮುಂದೆ ಬಿದ್ದಿರಬೇಕು. ಆಯಿ ಗುದ್ದಿದ ನೆಲದ ಅದುರು ಅವನ ಮೈಗೆ ತಾಗಿರಬೇಕು. ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಮಗುವನ್ನು ಮಲಗಿಸಿ, ತಲೆಗೆ ತಂತಿ ಅಂಟಿಸಿ, ಸದ್ದಿಗೆ ನರಗಳು ಹೇಗೆ ಓಗೊಡುತ್ತವೆ ಎಂದು ನೋಡುವ ಬೆರಾ ಪರೀಕ್ಷೆ ಮಾಡಿದರು. ಎರಡೂ ಕಿವಿಯಲ್ಲಿ ತೀವ್ರ ದೋಷ. ಈ ಕ್ಷೇತ್ರದಲ್ಲಿ ಒಂದು, ಮೂರು, ಆರು ಎಂಬ ಲೆಕ್ಕವಿದೆ. ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಾತ್ರಿ, ಆರು ತಿಂಗಳೊಳಗೆ ನೆರವು. ಇವನಿಗೆ ಎರಡೂವರೆ ವರ್ಷ ದಾಟಿತ್ತು. ಅದರ ಮೇಲೆ ನನ್ನ ಕೈಬರಹದ 'ಕಾಯಬಹುದು' ಸೇರಿ ಇನ್ನಷ್ಟು ವಾರ.

ಕಾಲ ಎಲ್ಲದಕ್ಕೂ ಒಂದೇ ಬಗೆಯಲ್ಲಿ ಕಾಯುವುದಿಲ್ಲ. ಬುಕಾರೆಸ್ಟಿನ ಅನಾಥಾಲಯಗಳ 136 ಮಕ್ಕಳನ್ನು 2000ದಿಂದ ಅನುಸರಿಸಿದ ಅಧ್ಯಯನ ಇದನ್ನೇ ಹೇಳಿತು. ಅರ್ಧ ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗಳಿಗೆ ಕಳಿಸಿದರು. ಮನೆ ಸಿಕ್ಕಿದವರು ಚೇತರಿಸಿಕೊಂಡರು, ಅವರಲ್ಲೂ ಎರಡು ವರ್ಷದೊಳಗೆ ಸಿಕ್ಕಿದವರು ಹೆಚ್ಚು. ನಡಿಗೆಗೆ ಒಂಬತ್ತು ತಿಂಗಳಷ್ಟು ಅಗಲದ ಕಿಟಕಿ ಇರಬಹುದು. ಭಾಷೆಗೆ, ಮಮತೆಗೆ ಇರುವ ಕಿಟಕಿ ತೆರೆದಿರುವಾಗ ಕಾಣುವುದೇ ಇಲ್ಲ, ಮುಚ್ಚುತ್ತ ಬಂದಾಗ ಕಾಣುತ್ತದೆ. ಅಜ್ಜಿಯ 'ಅದರದರ ಕಾಲಕ್ಕೆ' ಎಂಬ ಮಾತಿನ ಉಳಿದರ್ಧ ಇಲ್ಲಿತ್ತು: ಕಾಲ ಅದರದು, ನಮ್ಮದಲ್ಲ.

ಎರಡು ಮೌನ, ಒಂದೇ ಟಿಕ್. ಹುಡುಗಿಯ ವಿಷಯದಲ್ಲಿ ಫಾರಂಗಿಂತ ಮನೆಗೆ ಹೆಚ್ಚು ಗೊತ್ತಿತ್ತು. ಹುಡುಗನ ವಿಷಯದಲ್ಲಿ ಮನೆಗೆ ತಿಳಿಯದ್ದನ್ನು ಫಾರಂ ಹೇಳಬಹುದಿತ್ತು, ನಾನು ಅದನ್ನು ಸರಿಯಾಗಿ ಹಿಡಿದಿದ್ದರೆ. ಯಾವುದನ್ನು ನಂಬಬೇಕು ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಸೂತ್ರವಿಲ್ಲ. ಆಗ ನನಗೆ ನಮ್ಮ ಓದಿನ ಹೆಸರಿನಲ್ಲೇ ಇದ್ದ, ಅಲ್ಲಿಯವರೆಗೆ ಗಮನಿಸದಿದ್ದ ಪದ ಕಾಣಿಸಿತು. ಆನ್ವಯಿಕ.

ಹೈಸ್ಕೂಲಿನಲ್ಲಿ ಹಳಗನ್ನಡ ಪದ್ಯ ಹೇಳಿಕೊಡುತ್ತಿದ್ದ ಮೇಷ್ಟ್ರು ಮೊದಲು ಪದ ಬಿಡಿಸುತ್ತಿದ್ದರು. ಆಮೇಲೆ ಅನ್ವಯ. ಯಾವ ಪದ ಯಾವುದಕ್ಕೆ ಹತ್ತುತ್ತದೆ, ಮೊದಲ ಸಾಲಿನ ಕರ್ತೃವಿಗೆ ನಾಲ್ಕನೆಯ ಸಾಲಿನ ಕ್ರಿಯೆ ಹೇಗೆ ಕೂಡುತ್ತದೆ ಎಂದು ಹುಡುಕುವುದು. ತಾತ್ಪರ್ಯ ಬರುವುದು ಕೊನೆಗೆ. ಅನ್ವಯ ತಪ್ಪಿದರೆ ಒಂದೊಂದು ಪದದ ಅರ್ಥ ಗೊತ್ತಿದ್ದೂ ಪದ್ಯ ಕೈಗೆ ಸಿಗದು. ವಿಜ್ಞಾನವನ್ನು ತಂದು ಮಗುವಿನ ಮೇಲೆ ಹೇರುವುದನ್ನೇ ನಾನು ಅನ್ವಯ ಅಂದುಕೊಂಡಿದ್ದೆ. 'ಮಾತಿಲ್ಲ' ಎನ್ನುವುದು ಒಂದು ಪದ. ಅದು ಲಂಗದ ಅಂಚಿಗೆ ಹತ್ತುತ್ತದೆಯೋ, ನೆರಳಿಗೆ ಹತ್ತುತ್ತದೆಯೋ ಎಂದು ನೋಡುವುದು ಅನ್ವಯ. ನಾನು ಎರಡು ಸಲವೂ ಪದದಿಂದ ನೇರ ತಾತ್ಪರ್ಯಕ್ಕೆ ಹಾರಿದ್ದೆ. ಮೊದಲ ಸಲ ಪಟ್ಟಿಯ ಮೇಲಿನ ಭಕ್ತಿಯಿಂದ, ಎರಡನೆಯ ಸಲ ಮನೆಯ ಮೇಲಿನ ಭಕ್ತಿಯಿಂದ.

ಲೆವ್ ವೈಗಾಟ್‌ಸ್ಕಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ 37 ವರ್ಷ. 1934, ಕಾಮತರ ಪರೀಕ್ಷೆ ಪ್ರಕಟವಾದ ವರ್ಷವೇ. ಮಗು ಒಂಟಿಯಾಗಿ ಏನು ಮಾಡುತ್ತದೆ ಎಂದು ಎಲ್ಲರೂ ಅಳೆಯುತ್ತಿದ್ದಾಗ, ಇನ್ನೊಬ್ಬರ ಜೊತೆ ಸೇರಿ ಏನು ಮಾಡಬಲ್ಲದು ಎಂಬುದನ್ನು ನೋಡಿ ಎಂದವನು ಅವನು. ಇಂದು ಕೈ ಹಿಡಿದು ಮಾಡಿದ್ದನ್ನು ನಾಳೆ ಮಗು ತಾನೇ ಮಾಡುತ್ತದೆ. ಆ ನಡುವಿನ ಜಾಗವೇ ವಿಕಾಸದ ಜಾಗ. ಹೊಸ್ತಿಲಾಚೆ ಕೈ ಚಾಚಿ ಕೂತವರಿಗೆ ಇದು ಗೊತ್ತಿತ್ತು ಎನ್ನುವುದು ಸುಲಭ. ಆದರೆ ಕೈ ಚಾಚುವವರು ಮಗು ಎಲ್ಲಿದೆ ಎಂದು ಸರಿಯಾಗಿ ಕಂಡಿರಬೇಕು. ಕಿವಿ ಕೇಳದ ಮಗುವನ್ನು ಹೆಸರು ಹಿಡಿದು ಎಷ್ಟು ಅಕ್ಕರೆಯಿಂದ ಕರೆದರೂ ಅದು ಹೊಸ್ತಿಲ ಆಚೆಯೇ ಉಳಿಯುತ್ತದೆ. ಅದಕ್ಕೆ ಮೈಲಿಗಲ್ಲು ಬೇಕು. ಹೆದ್ದಾರಿಯ ಪಕ್ಕದಲ್ಲಲ್ಲ, ಮನೆಯ ಅಂಗಳದಲ್ಲಿ. ಎರಡು ವರ್ಷದ ಓದು ನಮ್ಮಿಂದ ಹೊರಿಸುವುದು ಆ ಕಲ್ಲನ್ನೇ ಎಂದು ಈಗ ಅನಿಸುತ್ತದೆ. ಅದನ್ನು ಹೊತ್ತು ಬಂದು ಬಾಗಿಲಲ್ಲಿ ಇಳಿಸಿ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಕಲ್ಲು ಮರೆತು ಹೋದರೂ ತಪ್ಪು, ಕಲ್ಲಿನ ಮೇಲೇ ಕೂತರೂ ತಪ್ಪು. ಮಕ್ಕಳನ್ನು ಬೆಳೆಸುವುದಕ್ಕೂ ಎಂ.ಎಸ್ಸಿ. ಬೇಕೇ ಎಂದು ಕೇಳಿದವರಿಗೆ ಈಗ ಉತ್ತರವಿದೆ. ಬೆಳೆಸುವುದಕ್ಕೆ ಬೇಡ. ಎರಡು ಮೌನಗಳನ್ನು ಬೇರೆಬೇರೆಯಾಗಿ ಕೇಳುವುದಕ್ಕೆ ಬೇಕಾಗಬಹುದು.

ಹುಡುಗನಿಗೆ ಕಿವಿಗೆ ಹಾಕುವ ಯಂತ್ರ ಬಂತು. ವಾರಕ್ಕೆರಡು ದಿನ ಮಾತಿನ ತರಬೇತಿ, ಅದಕ್ಕಾಗಿ ತಾಯಿಯ ಎರಡು ದಿನದ ಕೂಲಿ ಹೋಗುತ್ತಿತ್ತು. ಓದು ಮುಗಿದ ಮೇಲೆ ಒಮ್ಮೆ ಆ ಕಡೆ ಹೋದಾಗ ಮನೆಗೆ ಹೋದೆ. ಅವನು ಅಂಗಳದಲ್ಲಿ ಆಡುತ್ತಿದ್ದ. ಆಯಿ ಒಳಗಿಂದ ಬಂದು ಹೊಸ್ತಿಲ ಮೇಲೆ ನಿಂತಳು. ಅವನ ಹೆಸರು ಕೂಗಿದಳು, ಜೊತೆಗೇ ಹಳೆಯ ರೂಢಿಯಂತೆ ಕಾಲಿಂದ ನೆಲ ಗುದ್ದಿದಳು.

ಅವನು ತಿರುಗಿದ. ಯಾವುದಕ್ಕೆ ತಿರುಗಿದ ಎಂದು ನನ್ನೊಳಗಿನ ವಿದ್ಯಾರ್ಥಿನಿ ಲೆಕ್ಕ ಹಾಕತೊಡಗಿದಳು: ಹೆಸರಿಗೋ, ಅದುರಿಗೋ? ಅಷ್ಟರಲ್ಲಿ ಅವನು ಓಡಿಬಂದು ಅವಳ ಸೀರೆ ಹಿಡಿದು, ನನ್ನ ಕಡೆ ಬೆರಳು ಮಾಡಿ ಏನೋ ಅಂದ. ನನಗೆ ತಿಳಿಯಲಿಲ್ಲ. ಆಯಿಗೆ ತಿಳಿಯಿತು. 'ಅಕ್ಕೋರಿಗೆ ಚಾ ಕೊಡು ಅನ್ನಾಕತ್ತಾನ' ಎಂದಳು.